ಜಾತ್ರೆಯ ಧೂಪದ ಪುಡಿ ಯಾವ ವರ್ಗಕ್ಕೆ ಸೇರುತ್ತದೆ: ದಾವಣಗೆರೆಯ ಒಂದು ಪ್ರಕರಣ ಅಧ್ಯಯನ

ದಾವಣಗೆರೆ ನಗರದ ಅಂಚಿನಲ್ಲಿರುವ ಒಂದು ಸಣ್ಣ ಘಟಕ ಹಲವು ವರ್ಷಗಳಿಂದ ಕೃತಕ ಕರ್ಪೂರದ ಪುಡಿ ತರಿಸಿ, ಬಿಲ್ಲೆ ಒತ್ತಿ, ಪೊಟ್ಟಣ ಕಟ್ಟಿ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಗ್ರಂಧಿಗೆ ಅಂಗಡಿಗಳಿಗೆ ಪೂರೈಸುತ್ತ ಬಂದಿದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಹತ್ತಿರವಾದಾಗ ಘಟಕದ ಮಾಲೀಕರು ಹೊಸದೊಂದು ಸರಕನ್ನು ಹೊರತಂದರು. ಕರ್ಪೂರದ ಪುಡಿಗೆ ಗರಗಸದ ಸಣ್ಣ ಹೊಟ್ಟು, ಸಾಂಬ್ರಾಣಿ ಮತ್ತು ಗುಗ್ಗುಳವನ್ನು ಬೆರೆಸಿದ ಧೂಪದ ಪುಡಿ ಅದು. ತೂಕದಲ್ಲಿ ಸುಮಾರು ಅರ್ಧದಷ್ಟು ಕರ್ಪೂರವೇ ಇತ್ತು. ನಗರದೊಳಗಿನ ಮಾರಾಟಕ್ಕೆ ಅಡ್ಡಿಯೇನೂ ಬರಲಿಲ್ಲ. ಆದರೆ ಫಾಲ್ಗುಣದ ನಾಯಕನಹಟ್ಟಿ ಜಾತ್ರೆಗೆಂದು ಚಳ್ಳಕೆರೆಯ ಕಡೆಗೆ ದೊಡ್ಡ ಪ್ರಮಾಣದಲ್ಲಿ ಮಾಲು ಕಳಿಸಲು ಹೊರಟಾಗ ಟ್ರಾನ್ಸ್‌ಪೋರ್ಟ್ ಕಚೇರಿಯ ಬುಕಿಂಗ್ ಗುಮಾಸ್ತರು ಡಬ್ಬಗಳಿಂದ ಬರುತ್ತಿದ್ದ ವಾಸನೆಯನ್ನು ಗಮನಿಸಿ, ಇದು ಅಪಾಯಕಾರಿ ಸರಕೇ ಅಲ್ಲವೇ ಎಂಬುದನ್ನು ಬರವಣಿಗೆಯಲ್ಲಿ ಕೊಡದೆ ಎಲ್‌ಆರ್ (ಲಾರಿ ರಸೀದಿ) ಹರಿಯುವುದಿಲ್ಲ ಎಂದರು. ಮಾಲೀಕರು ಕರ್ಪೂರ ಪೂರೈಕೆದಾರರ ಸುರಕ್ಷತಾ ದತ್ತಾಂಶ ಹಾಳೆಯ ನೆರಳಚ್ಚನ್ನು ಕೊಟ್ಟರು. ಗುಮಾಸ್ತರು ಅದನ್ನು ಓದಿ, ಹಾಳೆಯಲ್ಲಿರುವುದು ಕರ್ಪೂರ, ಡಬ್ಬದಲ್ಲಿರುವುದು ಧೂಪದ ಪುಡಿ ಎಂದು ಹಿಂದಿರುಗಿಸಿದರು. ಅವರು ಕೇಳಿದ್ದು ಸರಿಯಾಗಿತ್ತು. ಸುರಕ್ಷತಾ ಸಲಹೆಗಾಗಿ ಈ ಪ್ರಕರಣ ನನ್ನ ಬಳಿಗೆ ಬಂದದ್ದು ಆ ಹಂತದಲ್ಲಿ.

ಮಾಲೀಕರ ಮೊದಲ ಪ್ರಶ್ನೆ ಸಹಜವಾದದ್ದು: “ಕರ್ಪೂರ ಉರಿಯುತ್ತೆ ಅಂತ ಹೇಳೋಕೆ ಲ್ಯಾಬ್ ಬೇಕಾ ಸರ್? ಮಂಗಳಾರತಿ ಮಾಡೋರಿಗೆಲ್ಲ ಗೊತ್ತಿರೋ ವಿಷಯ ಅಲ್ವಾ?” ಇದಕ್ಕೆ ಉತ್ತರ ಹೇಳಬೇಕಾದರೆ ವರ್ಗೀಕರಣ ಏನನ್ನು ಅಳೆಯುತ್ತದೆ ಎಂಬುದರಿಂದ ಆರಂಭಿಸಬೇಕು. ಕಟ್ಟಿಗೆ, ಸಕ್ಕರೆ, ಕಾಗದ, ಹಿಟ್ಟು ಇವೆಲ್ಲ ಉರಿಯುವ ವಸ್ತುಗಳೇ ಆದರೂ ಅವೆಲ್ಲವನ್ನೂ ಅಪಾಯಕಾರಿ ಸರಕೆಂದು ಕರೆದರೆ ಆ ಹೆಸರಿಗೆ ಅರ್ಥ ಉಳಿಯುವುದಿಲ್ಲ. ವಿಶ್ವಸಂಸ್ಥೆಯ ಪರೀಕ್ಷಾ ಕೈಪಿಡಿಯಾಗಲಿ, 2003ರಲ್ಲಿ ಮೊದಲ ಆವೃತ್ತಿ ಕಂಡ ಜಾಗತಿಕ ಏಕರೂಪ ವರ್ಗೀಕರಣ ವ್ಯವಸ್ಥೆಯಾಗಲಿ ಕೇಳುವುದು ಬೇರೆಯದನ್ನು. ಉರಿಯುವ ಬೆಂಕಿಕಡ್ಡಿಯಂಥ ಮೂಲ ಕ್ಷಣಕಾಲ ತಗುಲಿದರೆ ಈ ಪುಡಿ ಹೊತ್ತಿಕೊಳ್ಳುತ್ತದೆಯೇ, ಹೊತ್ತಿಕೊಂಡ ಮೇಲೆ ಜ್ವಾಲೆ ಎಷ್ಟು ವೇಗವಾಗಿ ಹರಡುತ್ತದೆ, ನಡುವೆ ಒದ್ದೆಯಾದ ಒಂದು ಪಟ್ಟಿ ಎದುರಾದರೆ ನಿಲ್ಲುತ್ತದೆಯೇ ಅಥವಾ ದಾಟಿ ಹೋಗುತ್ತದೆಯೇ ಎಂಬ ಪ್ರಶ್ನೆಗಳು ಅವು. ಮಂಗಳಾರತಿ ತಟ್ಟೆಯನ್ನು ಎಷ್ಟು ವರ್ಷ ನೋಡಿದರೂ ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ಬಿಲ್ಲೆಗಳ ಮಟ್ಟಿಗೆ ಘಟಕಕ್ಕೆ ಪರೀಕ್ಷೆಯ ಅಗತ್ಯವಿರಲಿಲ್ಲ. ಕೃತಕ ಕರ್ಪೂರಕ್ಕೆ ವಿಶ್ವಸಂಸ್ಥೆಯ ಸಾಗಣೆ ಪಟ್ಟಿಯಲ್ಲಿ ಹೆಸರು ಹೇಳಿಯೇ ಒಂದು ಜಾಗವಿದೆ. ಯುಎನ್ 2717, ವಿಭಾಗ 4.1 ಅಂದರೆ ಸುಲಭವಾಗಿ ಹೊತ್ತಿಕೊಳ್ಳುವ ಘನವಸ್ತು, ಪ್ಯಾಕಿಂಗ್ ಗುಂಪು 3, ಅಂದರೆ ಅಪಾಯದ ಮಟ್ಟದಲ್ಲಿ ಅತಿ ಕಡಿಮೆಯದು. ಪಟ್ಟಿಯಲ್ಲಿ ಹೆಸರಿರುವ ವಸ್ತುವನ್ನು ಪಟ್ಟಿ ಹೇಳಿದಂತೆಯೇ ನಡೆಸಿಕೊಳ್ಳಬೇಕು. ಧೂಪದ ಪುಡಿಯಾದರೋ ಮಿಶ್ರಣ. ಕರ್ಪೂರದ ಸಂಖ್ಯೆಯನ್ನು ಅದಕ್ಕೆ ಹಾಗೆಯೇ ಅಂಟಿಸುವಂತಿಲ್ಲ. ಹೊಟ್ಟು ಸೇರಿದ್ದರಿಂದ ಅದು ಸೌಮ್ಯವಾಗಿದೆ ಎಂದು ಊಹಿಸುವಂತೆಯೂ ಇಲ್ಲ. ಪರೀಕ್ಷೆಯಲ್ಲಿ ಅದು ಮಿತಿ ದಾಟಿದರೆ ‘ಬೇರೆಡೆ ಹೆಸರಿಸದ, ಸುಲಭವಾಗಿ ಹೊತ್ತಿಕೊಳ್ಳುವ ಸಾವಯವ ಘನವಸ್ತು’ ಎಂಬ ಸಾಮಾನ್ಯ ನಮೂದಿಗೆ, ಅಂದರೆ ಯುಎನ್ 1325ಕ್ಕೆ ಸೇರುತ್ತದೆ. ದಾಟದಿದ್ದರೆ ವಿಭಾಗ 4.1ರಿಂದ ಹೊರಗುಳಿಯುತ್ತದೆ. ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 131ನೇ ನಿಯಮ, ಅಪಾಯಕಾರಿ ಸರಕಿನ ಬಗ್ಗೆ ಸಾಗಣೆದಾರರಿಗೆ ಸಂಪೂರ್ಣ ಮಾಹಿತಿ ಕೊಡುವ ಹೊಣೆಯನ್ನು ಸರಕು ಕಳಿಸುವವರ ಮೇಲೆಯೇ ಹೊರಿಸಿದೆ. ಆದ್ದರಿಂದ ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಮಾಲೀಕರಿಗೆ ಅವಕಾಶವಿರಲಿಲ್ಲ.

ಮೊದಲ ಮಾದರಿ ಮತ್ತು ಅದು ತೋರಿಸಿದ ಸಮಾಧಾನ

ಪರೀಕ್ಷಾ ಕೈಪಿಡಿಯಲ್ಲಿ ಈ ಕೆಲಸಕ್ಕೆ ಇರುವ ವಿಧಾನಕ್ಕೆ ಎನ್.1 ಎಂದು ಹೆಸರು. ಅದರ ಮೊದಲ ಹಂತ ಒಂದು ಸರಳ ಪೂರ್ವಪರೀಕ್ಷೆ. ತಣ್ಣಗಿರುವ, ದ್ರವ ಹೀರದ, ಶಾಖವನ್ನು ಸುಲಭವಾಗಿ ಹರಿಯಗೊಡದ ಹಲಗೆಯ ಮೇಲೆ ಪುಡಿಯನ್ನು ಸುಮಾರು 250 ಮಿ.ಮೀ. ಉದ್ದ, 20 ಮಿ.ಮೀ. ಅಗಲ, 10 ಮಿ.ಮೀ. ಎತ್ತರದ ಸಾಲಾಗಿ ಸುರಿಯಬೇಕು. ಕನಿಷ್ಠ 1000 ಡಿಗ್ರಿ ಸೆಲ್ಸಿಯಸ್ ಬಿಸಿಯ ಅನಿಲ ಜ್ವಾಲೆಯನ್ನು ಸಾಲಿನ ಒಂದು ತುದಿಗೆ, ಅದು ಹೊತ್ತಿಕೊಳ್ಳುವವರೆಗೆ ಅಥವಾ ಹೆಚ್ಚೆಂದರೆ 2 ನಿಮಿಷದವರೆಗೆ ಹಿಡಿಯಬೇಕು. ಜ್ವಾಲೆಯಾಗಿಯೋ ಕೆಂಡವಾಗಿಯೋ ಉರಿ 2 ನಿಮಿಷದೊಳಗೆ 200 ಮಿ.ಮೀ. ದೂರ ಸಾಗದಿದ್ದರೆ ಆ ವಸ್ತು ಈ ವರ್ಗಕ್ಕೆ ಸೇರುವುದಿಲ್ಲ, ಮುಂದಿನ ಪರೀಕ್ಷೆಯೂ ಬೇಕಾಗಿಲ್ಲ. ಲೋಹದ ಪುಡಿಗಳಿಗೆ ಮಾತ್ರ ಈ ಅವಧಿಗಳು ಬೇರೆ. ಅಲ್ಲಿ ಜ್ವಾಲೆಯನ್ನು 5 ನಿಮಿಷ ಹಿಡಿಯಬಹುದು, ಉರಿ ಸಾಗಲು 20 ನಿಮಿಷ ಕಾಯಬೇಕು.

ಈ ಹಂತವನ್ನು ಪರಿಚಯದ ಪ್ರಯೋಗಾಲಯವೊಂದರ ಹೊಗೆಗೂಡಿನಲ್ಲಿ, ಅಂದರೆ ಹೊಗೆಯನ್ನು ಹೊರಗೆಳೆಯುವ ಗೂಡಿನಲ್ಲಿ ಮಾಡಿದೆವು. ಶೆಡ್ಡಿನ ಹಿಂದಿನ ಬಯಲಿನಲ್ಲೇ ಮಾಡಿಬಿಡೋಣ ಎಂಬ ಸಲಹೆಯೂ ಬಂದಿತ್ತು. ಆದರೆ ಗಾಳಿ ಬೀಸುವ ಜಾಗದಲ್ಲಿ ಅಳೆದ ಉರಿಯ ವೇಗ ಆ ಪುಡಿಯದ್ದೂ ಆಗಿರುವುದಿಲ್ಲ, ಗಾಳಿಯದ್ದೂ ಆಗಿರುವುದಿಲ್ಲ. ಮಾಲೀಕರು ತಂದಿದ್ದ ಮಾದರಿ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ ಗಾಜಿನ ಭರಣಿಯದು. ಸಾಲಿನ ತುದಿ ಹೊತ್ತಿಕೊಂಡಿತು, ಸ್ವಲ್ಪ ದೂರ ಹಳದಿ ಜ್ವಾಲೆ ಸಾಗಿತು, ಆಮೇಲೆ ಜ್ವಾಲೆ ಕುಗ್ಗಿ, ಹೊಗೆಯಾಡುವ ಕೆಂಡ ಮಾತ್ರ ಉಳಿಯಿತು. 2 ನಿಮಿಷ ಮುಗಿದಾಗ ಅದು 200 ಮಿ.ಮೀ. ಗುರುತಿನಿಂದ ಬಹಳ ಹಿಂದೆ ಇತ್ತು. ಕಾಗದದ ಮೇಲೆ ನೋಡಿದರೆ ಪ್ರಕರಣ ಅಲ್ಲಿಗೇ ಮುಗಿಯಬೇಕಿತ್ತು. ಮಾಲೀಕರ ಮುಖದಲ್ಲಿ ನೆಮ್ಮದಿ ಕಾಣಿಸಿತು.

ಆ ಫಲಿತಾಂಶವನ್ನು ನಾನು ಒಪ್ಪಲಿಲ್ಲ. ಕರ್ಪೂರ ಕೋಣೆಯ ಉಷ್ಣತೆಯಲ್ಲೇ ಘನಸ್ಥಿತಿಯಿಂದ ನೇರವಾಗಿ ಆವಿಯಾಗುವ ವಸ್ತು. ದೇವರ ಗೂಡಿನಲ್ಲಿ ಬಿಚ್ಚಿಟ್ಟ ಬಿಲ್ಲೆ ದಿನ ಕಳೆದಂತೆ ಕರಗಿ ಸಣ್ಣದಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಭರಣಿಯ ಮುಚ್ಚಳ ದಿನವೂ ತೆರೆಯುತ್ತಿತ್ತು, ಭರಣಿಯ ಒಳಗೋಡೆಯ ಮೇಲ್ಭಾಗದಲ್ಲಿ ಬಿಳಿ ಹರಳುಗಳ ತೆಳು ಪದರ ಕಟ್ಟಿತ್ತು. ಪುಡಿಯಲ್ಲಿ ಇರಬೇಕಾದ ಕರ್ಪೂರದ ಒಂದು ಪಾಲು ಅಲ್ಲಿ ಗಾಜಿಗೆ ಅಂಟಿಕೊಂಡಿತ್ತು, ಇನ್ನೊಂದು ಪಾಲು ಅಂಗಡಿಯ ಗಾಳಿಗೆ ಹೋಗಿತ್ತು. ಹಾಗಾಗಿ ನಾವು ಸುಟ್ಟು ನೋಡಿದ್ದು ಕರ್ಪೂರ ಕಳೆದುಕೊಂಡ ಹೊಟ್ಟು ಮತ್ತು ಸಾಂಬ್ರಾಣಿಯನ್ನು. ಇದನ್ನು ಮಾಲೀಕರಿಗೆ ಮನದಟ್ಟು ಮಾಡಲು ಹೊಸದಾಗಿ ಬೆರೆಸಿದ ಪುಡಿಯನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ತೂಗಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ತೂಗಿದರೆ ಸಾಕಾಯಿತು. ತೂಕ ಇಳಿದಿದ್ದನ್ನು ಅವರೇ ಓದಿದರು.

ವರ್ಗೀಕರಣದ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಘನವಸ್ತುವನ್ನು ಅದು ಯಾವ ರೂಪದಲ್ಲಿ ಪೂರೈಕೆಯಾಗುತ್ತದೋ ಅದೇ ರೂಪದಲ್ಲಿ ಪರೀಕ್ಷಿಸಬೇಕು. ಅದೇ ವಸ್ತುವನ್ನು ಬೇರೊಂದು ಭೌತಿಕ ರೂಪದಲ್ಲಿ ಮಾರುವುದಾದರೆ, ಮತ್ತು ಆ ರೂಪ ಪರೀಕ್ಷೆಯ ಫಲಿತಾಂಶವನ್ನು ಗಣನೀಯವಾಗಿ ಬದಲಿಸುವ ಸಾಧ್ಯತೆಯಿದ್ದರೆ, ಆ ರೂಪವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ವರ್ಗ ವಸ್ತುವಿನ ಹೆಸರಿಗೆ ಅಂಟಿಕೊಂಡಿರುವುದಿಲ್ಲ, ಲಾರಿ ಹತ್ತುವ ಡಬ್ಬದೊಳಗಿನ ಪುಡಿಯ ಸ್ಥಿತಿಗೆ ಅಂಟಿಕೊಂಡಿರುತ್ತದೆ. ಲಾರಿ ಹತ್ತುವುದು ಮೊಹರು ಮಾಡಿದ ತಾಜಾ ಪುಡಿ. ಎರಡನೆಯ ಮಾದರಿಯನ್ನು ಬೆರಕೆ ಯಂತ್ರದಿಂದಲೇ ಗಾಳಿಯಾಡದ ಡಬ್ಬಕ್ಕೆ ತುಂಬಿಸಿ ತಂದೆವು. ಅದೇ ಹೊಗೆಗೂಡು, ಅದೇ ಹಲಗೆ, ಅದೇ ಅಳತೆಯ ಸಾಲು. ಜ್ವಾಲೆ ತಗುಲಿದ ಕೂಡಲೇ ತುದಿ ಹೊತ್ತಿಕೊಂಡು, ಕರಗಿದ ಕರ್ಪೂರ ಹೊಟ್ಟಿನೊಳಗೆ ಇಳಿಯುತ್ತ, ಕಪ್ಪು ಮಸಿ ಬಿಡುತ್ತ ಉರಿ ಮುಂದುವರಿದು ಅವಧಿ ಮುಗಿಯುವ ಮೊದಲೇ 200 ಮಿ.ಮೀ. ದಾಟಿತು.

ಒಂದು ಮಿಲಿಲೀಟರ್ ದ್ರವದ ತೀರ್ಮಾನ

ಎರಡನೆಯ ಹಂತವಾದ ಉರಿಯುವ ವೇಗದ ಪರೀಕ್ಷೆಯನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮಾಡಿಸಿದೆವು. ಸಾಗಣೆದಾರರಿಗಾಗಲಿ ವಿಮೆಯವರಿಗಾಗಲಿ ತೋರಿಸಬೇಕಾದ ಕಾಗದ ಅಲ್ಲಿಂದಲೇ ಬರಬೇಕು. ಪರೀಕ್ಷೆಯ ಸಮಯದಲ್ಲಿ ಹಾಜರಿರಲು ನನಗೆ ಅವಕಾಶ ಸಿಕ್ಕಿತು.

ಇಲ್ಲಿ ಪುಡಿಯನ್ನು ಕೈಯಲ್ಲಿ ಸುರಿಯುವುದಿಲ್ಲ. 250 ಮಿ.ಮೀ. ಉದ್ದದ, ಒಳಗೆ 10 ಮಿ.ಮೀ. ಎತ್ತರ ಮತ್ತು 20 ಮಿ.ಮೀ. ಅಗಲವಿರುವ ತ್ರಿಕೋನಾಕಾರದ ಅಚ್ಚಿಗೆ ಸಡಿಲವಾಗಿ ತುಂಬಿ, ಅಚ್ಚನ್ನು 20 ಮಿ.ಮೀ. ಎತ್ತರದಿಂದ ಗಟ್ಟಿ ನೆಲದ ಮೇಲೆ ಮೂರು ಸಲ ಬೀಳಿಸಿ ಪುಡಿ ಕೂರುವಂತೆ ಮಾಡಬೇಕು. ಆಮೇಲೆ ಹಲಗೆಯನ್ನು ಮೇಲಿಟ್ಟು ತಲೆಕೆಳಗು ಮಾಡಿ ಅಚ್ಚನ್ನು ಎತ್ತಿದರೆ ಉದ್ದನೆಯ ಏರಿಯೊಂದು ನಿಲ್ಲುತ್ತದೆ. ನಮ್ಮ ಪುಡಿ ಈ ಹಂತದಲ್ಲೇ ಸತಾಯಿಸಿತು. ಕರ್ಪೂರ ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತದೆ, ಹೊಟ್ಟು ಹಗುರವಾಗಿ ಮೇಲೇಳುತ್ತದೆ. ಏರಿಯೊಳಗೆ ಪೊಳ್ಳು ಉಳಿದರೆ ಉರಿಯ ವೇಗ ಸುಳ್ಳಾಗುತ್ತದೆ. ತಂತ್ರಜ್ಞರು ಬಿರುಕು ಬಿಟ್ಟ ಏರಿಗಳನ್ನು ಮರುಮಾತಿಲ್ಲದೆ ಬದಿಗಿಟ್ಟು ಹೊಸದಾಗಿ ಕಟ್ಟಿದರು. ಅಂಥ ತಾಳ್ಮೆ ಇಲ್ಲದ ಕಡೆ ಈ ಪರೀಕ್ಷೆಯ ಅಂಕಿಗಳನ್ನು ನಂಬುವುದು ಕಷ್ಟ.

ಒಂದು ತುದಿಗೆ ಬೆಂಕಿ ಕೊಟ್ಟ ಮೇಲೆ ಮೊದಲ 80 ಮಿ.ಮೀ. ದೂರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ; ಉರಿ ಒಂದು ಸ್ಥಿರ ಗತಿಗೆ ಬರಲು ಅಷ್ಟು ಜಾಗ ಬೇಕು. ನಂತರದ 100 ಮಿ.ಮೀ. ದಾಟಲು ಹಿಡಿಯುವ ಸಮಯವನ್ನು ಅಳೆಯುತ್ತಾರೆ. ಯಾವುದಾದರೂ ಒಂದು ಓಟದಲ್ಲಿ, ಅಂದರೆ ಒಂದು ಸಲದ ಪರೀಕ್ಷೆಯಲ್ಲಿ, ಅದು 45 ಸೆಕೆಂಡಿಗಿಂತ ಕಡಿಮೆಯಾದರೆ, ಅಂದರೆ ಉರಿಯ ವೇಗ ಸೆಕೆಂಡಿಗೆ 2.2 ಮಿ.ಮೀ.ಗಿಂತ ಹೆಚ್ಚಾದರೆ, ವಸ್ತು ವಿಭಾಗ 4.1ಕ್ಕೆ ಸೇರಿತು ಎಂದರ್ಥ. ಧೂಪದ ಪುಡಿ ಎಲ್ಲ ಓಟಗಳಲ್ಲೂ ಈ ಮಿತಿಯನ್ನು ಸ್ಪಷ್ಟವಾಗಿ ದಾಟಿತು. ಅಲ್ಲಿಗೆ ಗುಮಾಸ್ತರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಉಳಿದದ್ದು ಯಾವ ಪ್ಯಾಕಿಂಗ್ ಗುಂಪು ಎಂಬುದು.

ಅದನ್ನು ತೀರ್ಮಾನಿಸುವುದು ಒದ್ದೆ ಪಟ್ಟಿ. ಅಳತೆಯ 100 ಮಿ.ಮೀ. ವಲಯ ಮುಗಿದು 30ರಿಂದ 40 ಮಿ.ಮೀ. ಆಚೆಗೆ ಏರಿಯ ಮೇಲೆ 1 ಮಿ.ಲೀ. ತೇವಗೊಳಿಸುವ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಏರಿಯ ಅಡ್ಡಕೊಯ್ತ ಪೂರ್ತಿ ನೆನೆಯಬೇಕು, ದ್ರವ ಪಕ್ಕಕ್ಕೆ ಹರಿದು ಹೋಗಬಾರದು. ಉರಿ ಅಲ್ಲಿ ಕನಿಷ್ಠ 4 ನಿಮಿಷ ನಿಂತರೆ ಪ್ಯಾಕಿಂಗ್ ಗುಂಪು 3, ಏಕರೂಪ ವ್ಯವಸ್ಥೆಯ ಲೆಕ್ಕದಲ್ಲಿ ಪ್ರವರ್ಗ 2. ನಿಲ್ಲದೆ ದಾಟಿದರೆ ಪ್ಯಾಕಿಂಗ್ ಗುಂಪು 2, ಅಂದರೆ ಪ್ರವರ್ಗ 1. ಲೋಹದ ಪುಡಿಗಳಿಗೆ ಈ ಒದ್ದೆ ಪಟ್ಟಿಯ ಪರೀಕ್ಷೆ ಇಲ್ಲ. ಅಲ್ಲಿ ಏರಿಯ ಪೂರ್ತಿ ಉದ್ದಕ್ಕೆ ಉರಿ 5 ನಿಮಿಷದೊಳಗೆ ಹರಡಿತೋ 10 ನಿಮಿಷದೊಳಗೆ ಹರಡಿತೋ ಎಂಬುದರ ಮೇಲೆ ಗುಂಪು ನಿರ್ಧಾರವಾಗುತ್ತದೆ.

ಮೊದಲ ಓಟದಲ್ಲಿ ಹನಿಗಳು ಪುಡಿಯ ಮೇಲೆ ನಿಲ್ಲಲೇ ಇಲ್ಲ. ಕರ್ಪೂರ ನೀರನ್ನು ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹನಿಗಳು ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿ ಹಲಗೆಗೆ ಇಳಿದವು. ಏರಿಯ ನೆತ್ತಿ ಒಣಗಿಯೇ ಉಳಿಯಿತು, ಜ್ವಾಲೆ ಅದರ ಮೇಲೆಯೇ ನಡೆದು ಆಚೆ ಹೋಯಿತು. ಆ ಒಂದು ಓಟವನ್ನೇ ನೋಡಿದ್ದರೆ ವಸ್ತು ಪ್ರವರ್ಗ 1 ಎಂದು ಬರೆಯಬೇಕಾಗುತ್ತಿತ್ತು. ಆದರೆ ಕೈಪಿಡಿ ಇಂಥ ವಸ್ತುಗಳನ್ನು ಮುಂದಾಗಿ ಯೋಚಿಸಿದೆ. ದ್ರವ ಉರುಳಿ ಹೋಗುವಂತಿದ್ದರೆ, ಅದು ಪುಡಿಯೊಳಗೆ ಇಳಿಯುವಂತೆ ಮಾಡುವ ತೇವಕಾರಕವನ್ನು ಸೇರಿಸಬಹುದು, ಆದರೆ ಅದರಲ್ಲಿ ಉರಿಯುವ ದ್ರಾವಕ ಇರಕೂಡದು, ದ್ರಾವಣದಲ್ಲಿ ಅದರ ಸಕ್ರಿಯ ಅಂಶ ಒಟ್ಟಾರೆ ಶೇ. 1ನ್ನು ಮೀರಕೂಡದು. ದ್ರವವನ್ನು ಹಿಡಿದಿಡಲು ಏರಿಯ ನೆತ್ತಿಯಲ್ಲಿ 3 ಮಿ.ಮೀ. ಆಳ ಮತ್ತು 5 ಮಿ.ಮೀ. ವ್ಯಾಸ ಮೀರದ ಗುಳಿಯನ್ನೂ ಮಾಡಿಕೊಳ್ಳಬಹುದು. ಹೀಗೆ ಮಾಡಿದಾಗ ದ್ರವ ಬುಡದವರೆಗೆ ಇಳಿದು, ಅಡ್ಡಕೊಯ್ತದ ಬಣ್ಣ ಪೂರ್ತಿ ಗಾಢವಾಯಿತು. ಆ ಬಳಿಕದ ಓಟಗಳಲ್ಲೆಲ್ಲ ಜ್ವಾಲೆ ಒದ್ದೆಯ ಅಂಚಿಗೆ ಬಂದು ನಿಂತಿತು, ಹೊಟ್ಟಿನ ಕೆಂಡ ಅಲ್ಲೇ ಹೊಗೆಯಾಡುತ್ತ ಇತ್ತು, 4 ನಿಮಿಷ ಕಳೆದರೂ ಆಚೆಯ ಪುಡಿ ಹಾಗೆಯೇ ಉಳಿಯಿತು.

ಮೊದಲ ಓಟವನ್ನು ವರದಿಯಿಂದ ಬಿಟ್ಟುಬಿಡಬಹುದೇ ಎಂದು ಮಾಲೀಕರು ಕೇಳಿದರು. ಪ್ರಯೋಗಾಲಯದವರು ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ತೇವ ಸರಿಯಾಗಿ ತಲುಪದ ಓಟದಿಂದ ಪ್ಯಾಕಿಂಗ್ ಗುಂಪನ್ನು ನಿರ್ಧರಿಸುವಂತಿಲ್ಲ, ನಿಜ. ಆದರೆ ಗೋದಾಮಿನಲ್ಲಿ ಬೆಂಕಿ ಬಿದ್ದಾಗ ಬಕೆಟ್ಟಿನಲ್ಲಿರುವುದು ಬರೀ ನೀರು, ಅದು ಈ ಪುಡಿಯ ಮೇಲೆ ನಿಲ್ಲುವುದಿಲ್ಲ ಎಂಬ ಮಾಹಿತಿ ಆ ಓಟದಲ್ಲೇ ಇತ್ತು. ಬೆಂಕಿ ಆರಿಸುವ ವ್ಯವಸ್ಥೆಯನ್ನು ಯೋಜಿಸುವವರಿಗೆ ಅದು ಬೇಕು. ವರದಿಯಲ್ಲಿ ಆ ಓಟ ಕಾರಣಸಹಿತ ದಾಖಲಾಯಿತು. ಅಂತಿಮ ವರ್ಗ: ಯುಎನ್ 1325, ವಿಭಾಗ 4.1, ಪ್ಯಾಕಿಂಗ್ ಗುಂಪು 3. ಲೇಬಲ್ಲಿನಲ್ಲಿ ಜ್ವಾಲೆಯ ಚಿಹ್ನೆ, ‘ಎಚ್ಚರಿಕೆ’ ಎಂಬ ಸಂಕೇತಪದ ಮತ್ತು ಸುಲಭವಾಗಿ ಹೊತ್ತಿಕೊಳ್ಳುವ ಘನವಸ್ತು ಎಂಬ ಎಚ್228 ಹೇಳಿಕೆ. ಪ್ರವರ್ಗ 1 ಆಗಿದ್ದರೆ ಸಂಕೇತಪದ ‘ಅಪಾಯ’ ಎಂದಾಗುತ್ತಿತ್ತು. ವಿಶ್ವಸಂಸ್ಥೆಯ ಮಾದರಿ ನಿಯಮಗಳಲ್ಲಿ ಸೀಮಿತ ಪ್ರಮಾಣದ ರಿಯಾಯಿತಿಗೆ, ಅಂದರೆ ಸಣ್ಣ ಪೊಟ್ಟಣಗಳಿಗೆ ನಿಯಮ ಸಡಿಲವಾಗುವ ಅವಕಾಶಕ್ಕೆ, ಒಳಪೊಟ್ಟಣದ ಮಿತಿ 5 ಕಿ.ಗ್ರಾಂ.ನಿಂದ 1 ಕಿ.ಗ್ರಾಂ.ಗೆ ಇಳಿಯುತ್ತಿತ್ತು.

ಶೆಡ್ಡಿನಲ್ಲಿ ಬದಲಾದದ್ದು

ಎನ್.1 ಪರೀಕ್ಷೆ ನೆಲದ ಮೇಲೆ ಬಿದ್ದಿರುವ ಪುಡಿಯ ಬಗ್ಗೆ ಮಾತ್ರ ಹೇಳುತ್ತದೆ. ಗಾಳಿಯಲ್ಲಿ ತೇಲುವ ದೂಳು ಸ್ಫೋಟಿಸಬಲ್ಲದೇ ಎಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಸಣ್ಣ ಹೊಟ್ಟು ಮತ್ತು ಕರ್ಪೂರದ ನವಿರು ಪುಡಿ ಮುಚ್ಚಿದ ಕೋಣೆಯಲ್ಲಿ ಮೇಲೆದ್ದರೆ ಆ ಅಪಾಯ ಬೇರೆಯೇ ಆಗಿರುತ್ತದೆ. ದಹಿಸುವ ದೂಳಿನ ಬಗ್ಗೆ 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ ಪ್ರತ್ಯೇಕವಾಗಿ ಮಾತಾಡಿದ್ದೂ ಇದೇ ಕಾರಣಕ್ಕೆ. ಬೆರಕೆ ಯಂತ್ರಕ್ಕೆ ಮುಚ್ಚಳ ಹಾಕಿಸುವುದು, ಯಂತ್ರದ ಮೈಯನ್ನು ಭೂಸಂಪರ್ಕಕ್ಕೆ ಜೋಡಿಸುವುದು, ತೊಲೆಗಳ ಮೇಲೆ ಕೂತ ದೂಳನ್ನು ಬೀಸಿ ಎಬ್ಬಿಸದೆ ಒರೆಸಿ ತೆಗೆಯುವುದು ಎಂಬ ಸಲಹೆಗಳು ಆ ಆಲೋಚನೆಯಿಂದ ಬಂದವು. ಆವಿಯ ಬಗ್ಗೆ ಮಾಲೀಕರಿಗಿದ್ದ ಭಯ ಮಾತ್ರ ತುಸು ಅತಿಯಾಗಿತ್ತು. ಕರ್ಪೂರದ ಮಿಂಚುಬಿಂದು, ಅಂದರೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಹೊಮ್ಮುವ ಕನಿಷ್ಠ ಉಷ್ಣತೆ, ಸುಮಾರು 66 ಡಿಗ್ರಿ ಸೆಲ್ಸಿಯಸ್. ಅದರ ಆವಿ ಗಾಳಿಯಲ್ಲಿ ಶೇ. 0.6 ತಲುಪಿದರೆ ಮಾತ್ರ ಹೊತ್ತಿಕೊಳ್ಳಬಲ್ಲದು. ಸಾಧಾರಣ ಉಷ್ಣತೆಯಲ್ಲಿ ಶೆಡ್ಡಿನ ಗಾಳಿ ಆ ಮಟ್ಟದಿಂದ ಬಹಳ ಕೆಳಗಿರುತ್ತದೆ. ಬೇಸಿಗೆಯಲ್ಲಿ ಕಾದ ತಗಡಿಗೆ ತಾಗುವಂತೆ ಡಬ್ಬಗಳನ್ನು ಪೇರಿಸಬಾರದೆಂದು ಮಾತ್ರ ಹೇಳಿದೆ.

ನಿಜವಾದ ಆತಂಕ ಇದ್ದದ್ದು ಪೊಟ್ಟಣ ಕಟ್ಟುವ ಮೇಜಿನ ಮೇಲೆ. ಹೆಣ್ಣುಮಕ್ಕಳು ಪ್ಲಾಸ್ಟಿಕ್ ಪೊಟ್ಟಣದ ಬಾಯನ್ನು ಮಡಚಿ, ಉರಿಯುವ ಮೇಣದಬತ್ತಿಗೆ ಒಂದು ಕ್ಷಣ ಹಿಡಿದು ಅಂಟಿಸುತ್ತಿದ್ದರು. ಮೇಣದಬತ್ತಿಯ ಪಕ್ಕದಲ್ಲೇ ಪುಡಿಯ ರಾಶಿ, ರಾಶಿಯಿಂದ ಮೇಜಿನ ಅಂಚಿನವರೆಗೆ ಚೆಲ್ಲಿದ ಪುಡಿಯ ಗೆರೆ. ಪ್ರಯೋಗಾಲಯದಲ್ಲಿ ಅಚ್ಚು ಹಾಕಿ ಕಟ್ಟಿದ ಏರಿಯನ್ನೇ ಅವರು ಅರಿಯದೆ ದಿನವೂ ಕಟ್ಟುತ್ತಿದ್ದರು. ಬಿಲ್ಲೆ ಒತ್ತುತ್ತಿದ್ದ ವರ್ಷಗಳಲ್ಲಿ ಈ ಪದ್ಧತಿಯಿಂದ ತೊಂದರೆಯಾಗಿರಲಿಲ್ಲ ಎಂಬ ಮಾತು ಬಂತು. ಬಿಲ್ಲೆಗಳ ನಡುವೆ ಅಂತರವಿರುತ್ತದೆ, ಒಂದು ಹೊತ್ತಿದರೆ ಚಿಮಟದಲ್ಲಿ ಬದಿಗೆ ಸರಿಸಬಹುದು. ಪುಡಿಯ ಗೆರೆ ಹೊತ್ತಿದರೆ ಬೆಂಕಿ ಅದರ ಉದ್ದಕ್ಕೆ ರಾಶಿಯನ್ನು ಹುಡುಕಿಕೊಂಡು ಹೋಗುತ್ತದೆ. ಮೇಣದಬತ್ತಿಯನ್ನು ಅಂದೇ ತೆಗೆಸಿದರು. ವಿದ್ಯುತ್ ಸೀಲಿಂಗ್ ಯಂತ್ರವನ್ನು ಬೆರಕೆ ಕೋಣೆಯಿಂದ ಗೋಡೆಯಾಚೆಗೆ ಇಟ್ಟರು. ಅದರ ಬಿಸಿ ಪಟ್ಟಿ ಕರ್ಪೂರ ತಾನಾಗಿ ಹೊತ್ತಿಕೊಳ್ಳುವ ಸುಮಾರು 466 ಡಿಗ್ರಿಗಿಂತ ಬಹಳ ಕೆಳಗೇ ಕೆಲಸ ಮಾಡುತ್ತದಾದರೂ, ಸ್ವಿಚ್ಚಿನ ಕಿಡಿಯನ್ನು ಪುಡಿಯಿಂದ ದೂರವಿಡುವುದು ಒಳ್ಳೆಯದೆನಿಸಿತು. ಬರೀ ನೀರಿನ ಬಕೆಟ್ಟುಗಳ ಜೊತೆಗೆ ಒಣಪುಡಿಯ ಅಗ್ನಿಶಾಮಕಗಳನ್ನೂ ಮರಳನ್ನೂ ಇರಿಸಿದರು. ನೀರು ಹಾಕಲೇಬೇಕಾದರೆ ತುಂತುರಾಗಿ ಹಾಕಬೇಕು, ರಭಸದ ಧಾರೆ ಉರಿಯುವ ಪುಡಿಯನ್ನು ಚದುರಿಸುತ್ತದೆ ಎಂಬುದನ್ನು ಎಲ್ಲರಿಗೂ ಹೇಳಿಕೊಟ್ಟೆವು.

ಸಾಗಣೆಯ ದಿನ ಇನ್ನೊಂದು ವಿಷಯ ಎದುರಾಯಿತು. ಡಬ್ಬಗಳ ಮೇಲೆ ಏಳು ಕೆಂಪು ಉದ್ದಪಟ್ಟಿಗಳಿರುವ ಬಿಳಿ ಲೇಬಲ್ ಬಿದ್ದಿತ್ತು, ಚಾಲಕರಿಗೆ ಕೊಡುವ ಲಿಖಿತ ಸೂಚನೆ ಸಿದ್ಧವಿತ್ತು, ಎಲ್‌ಆರ್ ಕೂಡ ಆಗಿತ್ತು. ಅದೇ ಲಾರಿಯಲ್ಲಿ ಜಾತ್ರೆಯ ನೈರ್ಮಲ್ಯಕ್ಕೆಂದು ಹೊರಟಿದ್ದ ಬ್ಲೀಚಿಂಗ್ ಪುಡಿಯ ಚೀಲಗಳಿದ್ದವು. ಬ್ಲೀಚಿಂಗ್ ಪುಡಿ ವಿಭಾಗ 5.1ರ ಉತ್ಕರ್ಷಕ, ಅಂದರೆ ಬೇರೆ ವಸ್ತುಗಳ ಉರಿಗೆ ಆಮ್ಲಜನಕ ಒದಗಿಸುವ ವಸ್ತು; ಉರಿಯುವ ಸಾವಯವ ಪುಡಿಯೊಂದಿಗೆ ಬೆರೆತರೆ ಹೊರಗಿನ ಕಿಡಿಯೂ ಇಲ್ಲದೆ ಬಿಸಿಯೇರಿ ಹೊತ್ತಿಕೊಳ್ಳಬಹುದು. ಚೀಲವೊಂದು ಹರಿದು ಡಬ್ಬವೊಂದು ಒಡೆದರೆ ಅಷ್ಟೇ ಸಾಕು. ವರ್ಗ ಗೊತ್ತಿರದಿದ್ದರೆ ಇವೆರಡೂ ‘ಜಾತ್ರೆಯ ಸಾಮಾನು’ ಎಂಬ ಒಂದೇ ಹೆಸರಿನಲ್ಲಿ ಹೋಗುತ್ತಿದ್ದವು. ಗುಮಾಸ್ತರು ಲೇಬಲ್ ನೋಡಿದ ಕೂಡಲೇ ತಾವಾಗಿಯೇ ಬ್ಲೀಚಿಂಗ್ ಪುಡಿಯನ್ನು ಬೇರೆ ಗಾಡಿಗೆ ಹಾಕಿಸಿದರು.

ಬಗೆಹರಿಯದೆ ಉಳಿದದ್ದು ಗುಡಿಸಿದ ಪುಡಿ. ಮೇಜಿನಿಂದ, ನೆಲದಿಂದ ದಿನವೂ ಒಂದಿಷ್ಟು ಕಸ ಸೇರುತ್ತದೆ. ಅದರಲ್ಲಿ ಕರ್ಪೂರ, ಹೊಟ್ಟು, ಪ್ಲಾಸ್ಟಿಕ್ ಚೂರು, ಕಾಗದ ಎಲ್ಲವೂ ಇರುತ್ತವೆ. ಗೋಣಿಚೀಲದಲ್ಲಿ ತುಂಬಿ ಕಡಿಮೆ ಬೆಲೆಗೆ ಮಾರುವ ಪದ್ಧತಿ ಇತ್ತು. ಅದರ ಮಿಶ್ರಣ ದಿನಕ್ಕೊಂದು ಬಗೆಯಾಗಿರುವುದರಿಂದ ಒಂದು ಮಾದರಿಯ ಪರೀಕ್ಷೆ ಮರುದಿನದ ಚೀಲಕ್ಕೆ ಅನ್ವಯಿಸುವುದಿಲ್ಲ. ಮಾರಾಟ ನಿಲ್ಲಿಸಿ, ಅದನ್ನೂ ವಿಭಾಗ 4.1ರ ಸರಕೆಂದೇ ಪರಿಗಣಿಸಿ, ಮುಚ್ಚಳವಿರುವ ಕಬ್ಬಿಣದ ಡ್ರಮ್ಮಿನಲ್ಲಿ ಹಾಕಿ, ಸಂಜೆ ಬೀಗ ಹಾಕುವ ಮುನ್ನ ಶೆಡ್ಡಿನಿಂದ ಹೊರಗೆ ಪ್ರತ್ಯೇಕ ಜಾಗಕ್ಕೆ ಸಾಗಿಸಬೇಕೆಂದು ಬರೆದುಕೊಟ್ಟೆ. ಮಾಲೀಕರು ಮಾರಾಟ ನಿಲ್ಲಿಸಲು ಒಪ್ಪಿದರು. ಡ್ರಮ್ಮಿಗೆ ಜಾಗ ಇನ್ನೂ ಗೊತ್ತಾಗಬೇಕಿದೆ, ಏಕೆಂದರೆ ಶೆಡ್ಡಿನ ಹೊರಗೆ ಖಾಲಿಯಿರುವ ಮೂಲೆ ಪಕ್ಕದ ಮಂಡಕ್ಕಿ ಭಟ್ಟಿಯ ಗೋಡೆಗೆ ತಾಗಿಕೊಂಡಿದೆ.